ಬರ್ತಾನೆ ಬೇರೆ, ಬರ್ಲಿ ಬೇರೆ

ಹೊಸ ಭಾಷೆ ಕಲಿಯೋಕೆ ಹೊರಟವರ ಬಾಳಲ್ಲಿ ನಗೆಪಾಟಲು ತಪ್ಪೋದಿಲ್ಲ. ಅದೂ ಗಂಡ ಬೀದರಿನಲ್ಲಿ, ಹೆಂಡತಿ ಬೆಂಗಳೂರಿನಲ್ಲಿ, ಕಲಿಯುತ್ತಿರೋದು ಸ್ಪ್ಯಾನಿಷ್ ಅಂದಮೇಲೆ ಕೇಳಲೇಬೇಡಿ. ಎಂಬತ್ತರ ದಶಕದ ಶುರುವಿನಲ್ಲಿ ನನಗೆ ಆದ ಅನುಭವಗಳು ಇವು.

ಯಾವ ಭಾಷೆಯಾದರೇನು

ನಾನು ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಟೈಪಿಸ್ಟು. ನಮ್ಮ ಯಂತ್ರಗಳನ್ನು ಮೆಕ್ಸಿಕೊದವರೊಬ್ಬರು ತರಿಸಿಕೊಳ್ಳೋಕೆ ಶುರುಮಾಡಿದರು. ಅವರ ಕಾಗದಗಳೆಲ್ಲ ಸ್ಪ್ಯಾನಿಷ್‌ನಲ್ಲಿ. ಒಂದು ದಿನ ಮ್ಯಾನೇಜರು ಎಲ್ಲರನ್ನೂ ಕರೆದು, "ಆರ್.ಟಿ. ನಗರದಲ್ಲಿ ಒಬ್ಬರು ಸಿಸ್ಟರ್ ಇದಾರೆ, ಸ್ಪೇನ್ ದೇಶದವರು. ವಾರಕ್ಕೆ ಮೂರು ಸಂಜೆ ಪಾಠ ಹೇಳ್ತಾರಂತೆ. ಯಾರು ಕಲೀತೀರಾ?" ಅಂದರು.

ಬ್ಯಾಂಕಿನಲ್ಲಿದ್ದ ನಮ್ಮ ಯಜಮಾನರಿಗೆ ಬೀದರಿಗೆ ವರ್ಗವಾಗಿ ಆಗಷ್ಟೇ ನಾಲ್ಕು ತಿಂಗಳಾಗಿತ್ತು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಹಗಲು ಹೇಗೋ ಕಳೆಯುತ್ತಿತ್ತು, ಸಂಜೆ ಮಾತ್ರ ಮುಗಿಯುತ್ತಲೇ ಇರಲಿಲ್ಲ. ಕೈ ಎತ್ತಿದೆ.

"ಕಷ್ಟದ ಭಾಷೆ ಕಣಮ್ಮಾ, ಯೋಚ್ನೆ ಮಾಡಿ ಹೇಳಿ."

"ಅದಿರಲಿ ಸಾರ್, ನಾಲ್ಕು ಸಂಜೆ ಮಾಡೋಕೆ ಆಗಲ್ವಾ?" ಅಂತ ಕೇಳಿದೆ.

ಸಿಸ್ಟರ್ ಕನ್ನಡ

ಸಿಸ್ಟರಿಗೆ ಅರವತ್ತು ದಾಟಿತ್ತು. ಇಪ್ಪತ್ತೈದು ವರ್ಷ ಕೊಡಿಗೇಹಳ್ಳಿಯ ಸಣ್ಣ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿ, ವಯಸ್ಸಾಯಿತು ಅಂತ ಆರ್.ಟಿ. ನಗರದ ಕ್ರೈಸ್ತ ಸನ್ಯಾಸಿನಿಯರ ಮಠಕ್ಕೆ ಬಂದವರು. ನಾನು ಇಂಗ್ಲಿಷಿನಲ್ಲಿ ಗುಡ್ ಈವನಿಂಗ್ ಅಂದೆ. "ಬಾರವ್ವ, ಕುಂತ್ಕ," ಅಂದರು.

ಸ್ಪ್ಯಾನಿಷ್‌ನಲ್ಲಿ ಹಕಾರ ಬರೀತಾರೆ, ಹೇಳೋದಿಲ್ಲ. ಮಾತಾಡುವುದು ಅನ್ನೋದಕ್ಕೆ ಬರೆಯೋದು ಹಬ್ಲಾರ್, ಓದೋದು ಅಬ್ಲಾರ್. "ಇದ್ಯಾಕೆ ಸಿಸ್ಟರ್ ಹೀಗೆ?" ಅಂದೆ.

"ಕೊಡಿಗೇಳ್ಳೀಲಿ ಯಾರವ್ವ ಆ ಅಕ್ಸರ ಯೋಳ್ತಾರೆ? ಅಲ್ಲೂ ಇಂಗೇಯ. ಅದ್ಕೇ ಬಂದ್ ದಿನಾನೇ ನಂಗೆ ನಮ್ಮೂರು ಅನ್ಸ್‌ಬಿಡ್ತು."

ಹಾಗಂದು ಕಿಟಕಿಯ ಆಚೆ ನೋಡುತ್ತಾ ಕೂತರು. ಪಾಪ, ಸ್ಪೇನ್ ನೆನಪಾಯಿತೇನೋ ಅಂದುಕೊಂಡು, "ಊರಿಗೆ ಹೋಗ್ಬೇಕು ಅನ್ಸುತ್ತಾ ಸಿಸ್ಟರ್?" ಅಂದೆ.

"ದಿನಾ ಅನ್ಸ್ತದೆ ಕಣವ್ವ. ಬಸ್ಸಲ್ಲಿ ಅರ್ಧ ಗಂಟೆನೂ ಇಲ್ಲ, ಮಠದೋರು ಕಳಿಸಾಕಿಲ್ಲ ಅಂತಾರೆ."

ಅದಲು ಬದಲು

ಮೂರು ತಿಂಗಳಾದಮೇಲೆ ಒಂದು ಹೊಸ ಪಾಠ ಬಂತು. ಅದಕ್ಕೊಂದು ಉದ್ದನೆಯ ವ್ಯಾಕರಣದ ಹೆಸರಿತ್ತು. ಸಿಸ್ಟರ್ ಅದನ್ನು ಪಕ್ಕಕ್ಕಿಟ್ಟು, "ನೀವು ಬರ್ತಾನೆ ಅಂತೀರಿ, ಬರ್ಲಿ ಅಂತೀರಿ. ಎಲ್ಡೂ ಒಂದೇನಾ?" ಅಂದರು.

"ಇಲ್ಲ. ಬರ್ತಾನೆ ಅಂದ್ರೆ ಖಂಡಿತ. ಬರ್ಲಿ ಅಂದ್ರೆ ನಮ್ಮ ಆಸೆ."

"ಅಷ್ಟೇಯ. ಆಸೆಗೆ ಬೇರೆ ರೂಪ. 'ನಾನು ಮಾತಾಡ್ತೀನಿ' ಅನ್ನೋಕೆ ಅಬ್ಲೊ. ಕೊನೇಲಿರೋ ಒ ಕಿತ್ತಾಕು. ಆರ್ ಅಂತ ಮುಗಿಯೋ ಕ್ರಿಯಾಪದಕ್ಕೆ ಎ ಅಂಟಿಸು, 'ಮಾತಾಡ್ಲಿ' ಅಬ್ಲೆ. ಎರ್, ಇರ್ ಅಂತ ಮುಗಿಯೋದಕ್ಕೆ ಆ ಅಂಟಿಸು. 'ತಿಂತೀನಿ' ಕೋಮೊ, 'ತಿನ್ಲಿ' ಕೋಮಾ. 'ಬರ್ತೀನಿ' ಬೆಂಗೊ, 'ಬರ್ಲಿ' ಬೆಂಗಾ."

"ಎ ಇರ್ಬೇಕಾದ ಕಡೆ ಆ, ಆ ಇರ್ಬೇಕಾದ ಕಡೆ ಎ. ಯಾಕೆ ಸಿಸ್ಟರ್?"

"ಬೇಕಾದ್ದು ಬೇಕಾದ ಕಡೆ ಇದ್ದಿದ್ರೆ ಆಸೆ ಯಾಕವ್ವ ಪಡ್ತಿದ್ದೆ?"

ಬೀದರನ್ನು ನೆನೆದುಕೊಂಡು ಬರೆದುಕೊಂಡೆ. ಇವತ್ತಿಗೂ ಮರೆತಿಲ್ಲ.

ಏಕವಚನ

ಸ್ವಂತ ವಾಕ್ಯ ಬರೆದುಕೊಂಡು ಬಾ ಅಂದರು. 'ನೀವು ಬೇಗ ಬರಲಿ ಅಂತ ಆಸೆ' ಅಂತ ಗಂಡನಿಗೆ ಬರೆದ ಹಾಗೆ ಬರೆದೆ. ಸಿಸ್ಟರ್ ನನ್ನ 'ಬೆಂಗಾ' ಹೊಡೆದುಹಾಕಿ 'ಬೆಂಗಾಸ್' ಅಂತ ಮಾಡಿದರು.

"ಬೆಂಗಾ ಗೌರವದ್ದು. ಗಂಡನ್ನ ನೀನು ಅನ್ಬೇಕು."

"ಅಯ್ಯೋ, ಏಕವಚನದಲ್ಲಾ? ಅವರನ್ನ ಇನ್ನೂ ಹೆಸರು ಹಿಡಿದೂ ಕರೆದಿಲ್ಲ ಸಿಸ್ಟರ್."

"ಗೌರವ ಕೊಟ್ರೆ ಗಂಡಂಗಲ್ಲ, ಅವನ ಮ್ಯಾನೇಜರ್‌ಗೆ ಬರ್ದಂಗಾಯ್ತದೆ."

ಆ ರಾತ್ರಿಯ ಇನ್‌ಲ್ಯಾಂಡ್ ಪತ್ರದ ಕೊನೆಗೆ ಕನ್ನಡ ಅಕ್ಷರದಲ್ಲೇ 'ಎಸ್ಪೆರೊ ಕೆ ಬೆಂಗಾಸ್ ಪ್ರೊಂತೊ' ಅಂತ ಬರೆದೆ. ನೀನು ಬೇಗ ಬಾರಪ್ಪಾ ಅಂತ. ಮೇಲೆ 'ಪೂಜ್ಯರಿಗೆ ನಮಸ್ಕಾರಗಳು', ಕೆಳಗೆ ಇದು. ಮದುವೆಯಾದಮೇಲೆ ಅವರಿಗೆ ಮೊದಲ ಸಲ ನೀನು ಅಂದದ್ದು, ಅರ್ಥವಾಗೋದಿಲ್ಲ ಅನ್ನೋ ಧೈರ್ಯದಲ್ಲಿ.

ಬೆಂಗಾಸು

ಪತ್ರ ಅಂಟಿಸುವ ಮುಂಚೆ, ಮನೆಯಲ್ಲಿ ನನ್ನ ಜೊತೆಗಿದ್ದ ಅತ್ತೆ ಒಂದು ಸಲ ಓದೋದು ರೂಢಿ. ಕನ್ನಡಕ ಏರಿಸಿ ಓದಿದವರು ಕೊನೆಯ ಸಾಲಿಗೆ ನಿಂತುಬಿಟ್ಟರು.

"ಯಾರೇ ಇವನು, ಬೆಂಗಾಸು?"

"ಯಾರೂ ಅಲ್ಲ ಅತ್ತೆ. ಅದು ಕ್ರಿಯಾಪದ."

"ಹೆಸರಿನ ಥರಾ ಇದೆಯಲ್ಲ. ಆ ಪ್ರೊಂತೊ ಅನ್ನೋನು?"

ಬೇರೆ ದಾರಿಯಿರಲಿಲ್ಲ, ಅರ್ಥ ಹೇಳಿದೆ. 'ಬೇಗ ಬರಲಿ' ಅಂತಷ್ಟೇ ಅಂದೆ, ಏಕವಚನದ ವಿಷಯ ಎತ್ತಲಿಲ್ಲ. ಅತ್ತೆ ಸೆರಗಿನಿಂದ ಕನ್ನಡಕ ಒರೆಸಿ ಪತ್ರ ವಾಪಸು ಕೊಟ್ಟರು.

"ಇನ್ನೂ ಒಂದು ಸಾಲು ಜಾಗ ಇದೆಯಲ್ಲ. ಆ ಬೆಂಗಾಸು ಇನ್ನೊಂದ್ ಸಲ ಬರಿ. ನಂದೂ ಇರಲಿ."

ಮೆಕ್ಸಿಕೊದ ಉತ್ತರ

ಒಂದೂವರೆ ವರ್ಷ ಕಳೆಯಿತು. ಬರೀ 'ಬರಲಿ', 'ಆಗಲಿ', 'ಸಿಗಲಿ' ಬರೆದು ಬರೆದು ನನ್ನ ಕೈಗೆ ಬೇರೆ ರೂಪವೇ ಮರೆತುಹೋಗಿತ್ತು.

ಮ್ಯಾನೇಜರು, "ಯಂತ್ರ ಈ ತಿಂಗಳು ಖಂಡಿತ ಹೊರಡುತ್ತೆ ಅಂತ ಬರೀರಿ," ಅಂದರು. ಆ ದಿನ ಬೆಳಗ್ಗೆ ತಾನೇ ಯಜಮಾನರ ಕಾಗದ ಬಂದಿತ್ತು: ವರ್ಗದ ಪಟ್ಟಿಯಲ್ಲಿ ಈ ಸಲವೂ ಹೆಸರಿಲ್ಲ. ನಾನು ಯಾವ ಲೋಕದಲ್ಲಿದ್ದೆನೋ, 'ಯಂತ್ರ ಈ ತಿಂಗಳಾದರೂ ಹೊರಡಲಿ ಅಂತ ಆಸೆಪಡುತ್ತೇವೆ' ಅಂತ ಬರೆದು ಕಳಿಸಿಬಿಟ್ಟೆ.

ಉತ್ತರ ಬಂತು. ಮ್ಯಾನೇಜರ ಮುಂದೆ ನಿಂತು ನಾನೇ ಅನುವಾದ ಮಾಡಬೇಕಾಯಿತು.

"ಏನಂತಾರೆ?"

"'ನಾವೂ ಹಾಗೇ ಆಸೆಪಡುತ್ತೇವೆ' ಅಂತಾರೆ ಸಾರ್."

"ಒಳ್ಳೇ ಜನ. ಆಮೇಲೆ?"

"'ಅದನ್ನು ಹೊರಡಿಸಬೇಕಾದವರು ಯಾರು ಅಂತ ದಯವಿಟ್ಟು ತಿಳಿಸಿ. ನಾವೇ ಅವರನ್ನು ಕೇಳಿಕೊಳ್ಳುತ್ತೇವೆ.'"

ಇದ್ದಾರೆ ಅಂದರೂ

ಪಾಠ ಶುರುವಾಗಿ ಎರಡು ವರ್ಷವಾದಮೇಲೆ, ಒಂದು ಬೆಳಗ್ಗೆ ಯಜಮಾನರು ಟ್ರಂಕು, ಹಾಸಿಗೆ ಸಮೇತ ಬಂದಿಳಿದರು. ವರ್ಗವಾಗಿತ್ತು! ಅತ್ತೆ ಬಾಗಿಲಲ್ಲೇ ಅತ್ತರು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಅವತ್ತು ಸಂಜೆ ಪಾಠವಿತ್ತು. ಒಂದು ಗಳಿಗೆಯೂ ಬಿಟ್ಟಿರೋಕೆ ಮನಸ್ಸಾಗದೆ ಅವರನ್ನೂ ಕರೆದುಕೊಂಡು ಹೋದೆ. ಅವರು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತರು. ನಾನು ಬೋರ್ಡಿನ ಮೇಲೆ ದೊಡ್ಡದಾಗಿ 'ನನ್ನ ಗಂಡ ಇಲ್ಲಿರುವುದು ನನಗೆ ಸಂತೋಷ' ಅಂತ ಸ್ಪ್ಯಾನಿಷ್‌ನಲ್ಲಿ ಬರೆದೆ. 'ಇದ್ದಾರೆ' ಅನ್ನೋದಕ್ಕೆ ಖಂಡಿತದ ರೂಪ ಹಾಕಿದೆ: ಎಸ್ತಾ. ಎರಡು ವರ್ಷದಲ್ಲಿ ಮೊದಲ ಸಲ!

ಸಿಸ್ಟರ್ ಎದ್ದು ಬಂದು ಅದನ್ನು ಅಳಿಸಿ, ಆಸೆಯ ರೂಪ ಬರೆದರು: ಎಸ್ತೆ.

"ಯಾಕೆ ಸಿಸ್ಟರ್? ಅವರು ಬಂದಾಯ್ತಲ್ಲ!"

"ಆಸೆಗಷ್ಟೇ ಅಲ್ಲ ಕಣವ್ವ, ಸಂತೋಸಕ್ಕೂ ಇದೇ ರೂಪ."

"ಅಲ್ಲೇ ಕೂತಿದಾರೆ, ನೋಡಿ! ಎದುರಿಗೇ ಇದಾರೆ!" ಸೀಮೆಸುಣ್ಣ ಅವರ ಕಡೆ ಚಾಚಿ ಕೂಗಿಬಿಟ್ಟೆ. ನಮ್ಮವರು ಗಾಬರಿಯಾಗಿ ಎದ್ದು ನಿಂತರು.

"ಏನಾಯ್ತೇ?"

"ನೀವು ಇಲ್ಲಿ ಇದೀರಾ ಅಂದ್ರೆ ಸಿಸ್ಟರ್ ಒಪ್ತಾ ಇಲ್ಲ."

ಬ್ಯಾಂಕಿನ ಮನುಷ್ಯ. ಜೇಬಿನಿಂದ ವರ್ಗದ ಆರ್ಡರು ತೆಗೆದು, ಮಡಿಕೆ ಬಿಚ್ಚಿ, ಎರಡೂ ಕೈಯಲ್ಲಿ ಸಿಸ್ಟರ್ ಮುಂದೆ ಹಿಡಿದರು.

ಸಿಸ್ಟರ್ ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಓದಿದರು. ಸೀಲು ನೋಡಿದರು. ಸಹಿ ನೋಡಿದರು. ಮಡಿಸಿ ಅವರ ಜೇಬಿಗೇ ಇಟ್ಟು, ಭುಜ ತಟ್ಟಿದರು.

"ಎಲ್ಲಾ ಸರಿಯಾಗೈತೆ ಕಣಪ್ಪ. ಆದ್ರೂ ಎಸ್ತೇನೇ."