ಕಾಕಾನ ಬಂದೂಕು, ಸಾಹೇಬರ ಬಿಲ್ಲೆ

ಮನೆಯಲ್ಲಿ ಬಂದೂಕಿದ್ದೂ ಜೀವಮಾನದಲ್ಲಿ ಒಂದು ಗುಬ್ಬಿಯ ಪುಕ್ಕವನ್ನೂ ಉದುರಿಸದ ಮಹಾನುಭಾವ ಬಾಗೇವಾಡಿ ತಾಲೂಕಿನಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಕಾಕಾ! ಇದನ್ನು ಹೊಗಳಿಕೆಯೆಂದು ಹೇಳುತ್ತಿದ್ದೇನೋ ದೂರೆಂದು ಹೇಳುತ್ತಿದ್ದೇನೋ ನನಗೇ ಗೊತ್ತಿಲ್ಲ. ಮೀಸೆ ನೋಡಿದರೆ ನಿನ್ನೆಯಷ್ಟೇ ಹುಲಿ ಹೊಡೆದು ಬಂದವನಂತೆ ಕಾಣುತ್ತಿದ್ದ. ಬಂದೂಕು ಹೆಗಲಿಗೇರಿಸಿ ಮನಗೂಳಿಯ ಬಜಾರಿನಲ್ಲಿ ಹೊರಟರೆ ನಾಯಿಗಳು ಕೂಡ ಬಾಲ ಮುದುರಿ ದಾರಿ ಬಿಡುತ್ತಿದ್ದವು. ಪಾಪ, ಆ ನಾಯಿಗಳಿಗೆ ಒಳಗಿನ ಸುದ್ದಿ ಗೊತ್ತಿರಲಿಲ್ಲ.

ಒಳಗಿನ ಸುದ್ದಿ ನನಗೆ ಗೊತ್ತಿತ್ತು. ಎಪ್ಪತ್ತರ ದಶಕದಲ್ಲಿ ಮನಗೂಳಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ನನಗೆ ಮಾಸ್ತರಿಕೆ ಸಿಕ್ಕಾಗ ನಾನು ಇದ್ದದ್ದು ಕಾಕಾನ ಮನೆಯಲ್ಲೇ. ಬಂದೂಕು ನಮ್ಮ ಅಜ್ಜನದು. ಬೆಳೆ ಕಾಯುವುದಕ್ಕೆಂದು ಸರ್ಕಾರ ಕೊಟ್ಟ ಲೈಸೆನ್ಸು. ಜೋಳ ಹಾಲು ತುಂಬುವ ಕಾಲಕ್ಕೆ ಗಿಳಿಗಳ ದಂಡು ಇಳಿಯುತ್ತಿತ್ತಲ್ಲ, ಆಗ ಕಾಕಾ ಹೊಲದ ಅಟ್ಟಣಿಗೆಯ ಮೇಲೆ ಹತ್ತಿ ನಿಲ್ಲುತ್ತಿದ್ದ. ನಿಂತು ಮೊದಲು ಮಾಡುತ್ತಿದ್ದ ಕೆಲಸವೇನು? ಗುರಿ ಹಿಡಿಯುವುದೇ? ಛೆ! ಎರಡೂ ಕೈ ಬಾಯಿಗೆ ಹಚ್ಚಿ, "ಹೋಯ್! ಹೋಯ್! ಎದ್ದ ಹೋಗ್ರೋ! ಗುಂಡ ಹಾರಸ್ತೇನಿ!" ಎಂದು ಪಕ್ಕದ ಊರಿಗೆ ಕೇಳುವಂತೆ ಕೂಗುತ್ತಿದ್ದ. ಗಿಳಿಗಳೆಲ್ಲ ಎದ್ದು, ಹಾರಿ, ಹಳ್ಳ ದಾಟಿ, ಕಡೆಯ ಗಿಳಿಯೂ ಕಣ್ಮರೆಯಾದ ಮೇಲೆ ಖಾಲಿ ಆಕಾಶಕ್ಕೆ ಢಂ!

"ಇದೆಂಥಾ ಬಂದೂಕ ಹೊಡಿಯೂದು ಕಾಕಾ?" ಎಂದು ಒಮ್ಮೆ ಕೇಳಿದ್ದೆ.

"ಹೇಳದ ಕೇಳದ ಗುಂಡ ಹಾರಸಾಕ ನಾ ಏನ್ ದರೋಡೆಖೋರ ಏನವಾ?" ಎಂದ.

ಕಾಕಾನ ಹೆಂಡತಿ, ನಮ್ಮ ಚಿಗವ್ವ, ರೊಟ್ಟಿ ಬಡಿಯುತ್ತ ಒಳಗಿನಿಂದಲೇ ಹೇಳಿದಳು: "ನಮ್ಮ ಹಳೇ ಡಬ್ಬಿ ಬಡದ್ರೂ ಗಿಳಿ ಹೋಗ್ತಾವು. ಅದಕ್ಕ ಲೈಸನ್ಸೂ ಬ್ಯಾಡ, ಮೀಸೀನೂ ಬ್ಯಾಡ!"

ಹೀಗೆ ಸುಖವಾಗಿ ನಡೆದಿತ್ತು. ಅಷ್ಟರಲ್ಲಿ ಮೈಸೂರು ಕಡೆಯಿಂದ ಜಿಲ್ಲೆಗೆ ಹೊಸ ಕಲೆಕ್ಟರ್ ಸಾಹೇಬರು ಬಂದರು. ಅವರಿಗೆ ಗುರಿ ಹೊಡೆಯುವ ಹುಚ್ಚು. ಮಣ್ಣಿನ ಬಿಲ್ಲೆಗಳನ್ನು ಗಾಳಿಗೆ ಎಸೆಯುವ ಸ್ಪ್ರಿಂಗಿನ ಯಂತ್ರವೊಂದನ್ನು ತಮ್ಮ ಸಾಮಾನಿನ ಜೊತೆಗೇ ತಂದಿದ್ದರು. ಬಂದೂಕು ಇಟ್ಟುಕೊಂಡವರೆಲ್ಲ ಬಾಗೇವಾಡಿಯ ಹೊರಗಿನ ಬರಡು ಮಡ್ಡಿಗೆ ಬರಬೇಕು, ಹಾರುವ ಬಿಲ್ಲೆಗೆ ಹೊಡೆಯಬೇಕು, ಮೂರರಲ್ಲಿ ಒಂದಾದರೂ ಒಡೆಯಬೇಕು. ಒಡೆದವರ ಲೈಸೆನ್ಸಿಗೆ ತಮ್ಮ ಸಹಿ, ಉಳಿದವರ ಬಂದೂಕು ಸ್ಟೇಷನ್ನಿಗೆ ಜಮಾ ಎಂದು ಹೇಳಿ ಕಳಿಸಿದರು. ಎಂಥೆಂಥ ಸಾಹೇಬರು ಇರುತ್ತಾರೆ ನೋಡಿ!

ಕಾಕಾನ ಊಟ ಇಳಿಯಿತು. ಮೀಸೆಯೂ ಇಳಿಯಿತು. ಗೋಡೆಯ ಮೇಲಿನ ಬಂದೂಕು ನೋಡುತ್ತ ಕೂತುಬಿಡುತ್ತಿದ್ದ. "ನಮ್ಮಪ್ಪ ಸಾಯೂಮುಂದ ಹೊಲ ಯಾರಿಗೆ, ಮನಿ ಯಾರಿಗೆ ಅಂತ ಹೇಳಲಿಲ್ಲವಾ. ಇದನ್ನಷ್ಟ ನನ್ನ ಕೈಯಾಗ ಕೊಟ್ಟ. ಈಗ ನಾನ ಒಯ್ದು ಸ್ಟೇಷನ್ದಾಗ ಇಟ್ಟು ಬರ್ಲ್ಯಾ?" ಎಂದು ಕೇಳಿದಾಗ ನನಗೂ ನಗು ಬರಲಿಲ್ಲ.

ಸರಿ, ತಾಲೀಮು ಶುರುವಾಯಿತು. ಬಿಲ್ಲೆ ಎಲ್ಲಿಂದ ತರುವುದು? ಹಿತ್ತಲಲ್ಲಿ ಒಣಗಿದ ಸೆಗಣಿ ಕುಳ್ಳಿನ ರಾಶಿಯೇ ಇತ್ತಲ್ಲ! ಚಿಗವ್ವ ಸೆರಗು ಸಿಕ್ಕಿಸಿ ಕುಳ್ಳು ಮೇಲಕ್ಕೆ ಎಸೆಯುವುದು, ಕಾಕಾ ಖಾಲಿ ಬಂದೂಕು ಹಿಡಿದು ಬಾಯಿಂದಲೇ "ಢಂ" ಅನ್ನುವುದು. ಗುಂಡಿನ ತೋಟಾ ತುಟ್ಟಿ, ಬಾಯಿ ಪುಕ್ಕಟೆ. ಆದರೆ ಪ್ರತಿ ಸಲವೂ ಕಾಕಾ ಮೊದಲು "ಹೋಯ್! ಹೋಯ್!" ಎಂದು ಕೂಗಿ, ಕುಳ್ಳು ನೆಲಕ್ಕೆ ಬಿದ್ದ ಮೇಲೆ "ಢಂ" ಅನ್ನುತ್ತಿದ್ದ. ಚಿಗವ್ವನ ತಾಳ್ಮೆ ಎಷ್ಟೆಂದು ಹಿಡಿದೀತು? ಒಂದು ಕುಳ್ಳು ನೇರವಾಗಿ ಕಾಕಾನ ರುಮಾಲಿನ ಮೇಲೆ ಬಂದು ಕೂತಿತು.

"ನೋಡವಾ," ಎಂದಳು ಚಿಗವ್ವ ಕೈ ಝಾಡಿಸುತ್ತ, "ಲೈಸನ್ಸ್ ನನ್ನ ಹೆಸರಿಗೆ ಮಾಡಸಾಕ ಹೇಳು. ಗುರಿ ನನಗೈತಿ."

ಆ ದಿನ ಬಂತು. ಕಾಕಾನ ಮೇಲೆ ಒಂದು ಕಣ್ಣಿಡು ಎಂದು ಚಿಗವ್ವ ನನ್ನನ್ನೂ ಜೊತೆಗೆ ಕಳಿಸಿದಳು. ಬಂದೂಕಿಗೆ ಧೂಳು ಹತ್ತಬಾರದೆಂದು ಕಾಕಾ ಅದನ್ನು ಹಳೆಯ ಇಳಕಲ್ಲ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡ. ಕಂಡಕ್ಟರ್ ಬಗ್ಗಿ ನೋಡಿ ಪಿಸುಗುಟ್ಟಿದ: "ಕೂಸು ಮಲಗೇತೇನ್ರಿ ಗೌಡ್ರ? ಭಾಳ ಉದ್ದ ಐತಲ್ರಿ!"

ಮಡ್ಡಿಯ ಮೇಲೆ ಮೀಸೆಗಳ ಸಂತೆಯೇ ನೆರೆದಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳದಿಂದಲೂ ಬಂದೂಕು ಹೊತ್ತು ಬಂದಿದ್ದರು. ಬಿಲ್ಲೆ ನೋಡಿದರೆ ಚಹಾ ಕುಡಿಯುವ ಬಸಿಯಷ್ಟೇ ಅಗಲ. ಹೊಡೆಯುವವನು "ಬಿಡು" ಎಂದು ಕೂಗಬೇಕು. ಯಂತ್ರದ ಹತ್ತಿರ ಕೂತವನು ಹಗ್ಗ ಜಗ್ಗಿದರೆ ಬಿಲ್ಲೆ ಭರ್ರನೆ ಹಾರಿಹೋಗುತ್ತಿತ್ತು. ಸಿಂದಗಿಯ ದೇಸಾಯರೊಬ್ಬರು ಎರಡು ಸಲ ಮೋಡಕ್ಕೆ ಹೊಡೆದು ಮೂರನೆಯದಕ್ಕೆ ಹೇಗೋ ಪಾರಾದರು. ಮುಂದಿನ ಸರದಿ ನಮ್ಮದು.

ಕಾಕಾ ಕಾಲು ಅಗಲಿಸಿ ನಿಂತ. ಎದೆ ತುಂಬ ಉಸಿರೆಳೆದ. "ಹೋಯ್! ಹೋಯ್! ಎದ್ದ ಹೋಗ್ರೋ! ಗುಂಡ ಹಾರಸ್ತೇನಿ!"

ಯಂತ್ರದ ಹತ್ತಿರ ಕೂತಿದ್ದವನು ತನಗೇ ಹೇಳಿದ್ದೆಂದು ತಿಳಿದು ಎದ್ದು ಓಡಿದ! ಓಡುವ ಗಡಿಬಿಡಿಯಲ್ಲಿ ಹಗ್ಗ ಕಾಲಿಗೆ ಸಿಕ್ಕು ಬಿಲ್ಲೆ ಹಾರಿತು. ಕಾಕಾ ಅದು ಹೋಗುವುದನ್ನು ಸಮಾಧಾನದಿಂದ ನೋಡಿದ. ದೂರದಲ್ಲಿ ನೆಲಕ್ಕೆ ಬಿದ್ದದ್ದು ಖಾತ್ರಿಯಾದ ಮೇಲೆ ಆಕಾಶಕ್ಕೆ ಢಂ!

"ಏನ್ರೀ ಗೌಡ್ರೇ," ಎಂದರು ಸಾಹೇಬರು, "ಅದು ಬಿದ್ದ ಮೇಲೆ ಯಾರಿಗೆ ಹೊಡೆದ್ರಿ?"

"ಯಾರಿಗೂ ಇಲ್ರಿ ಸಾಹೇಬ್ರ. ಬರೇ ಹಾರಿಸಿದ್ನಿ."

ಮಡ್ಡಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನಾನು ಓಡಿಹೋಗಿ ಕಾಕಾನ ಬಾಯಿಗೆ ಎರಡು ಎಲೆಯ ದೊಡ್ಡ ಪಾನಪಟ್ಟಿ ತುರುಕಿದೆ. ಬಾಯಿ ತುಂಬಿದ್ದರೆ ಕೂಗುವುದು ಹೇಗೆ? "ಬಿಡು" ಅನ್ನುವ ಬದಲು ಕೈ ಎತ್ತಿದರೆ ಸಾಕು ಎಂದು ಸಾಹೇಬರೂ ಒಪ್ಪಿದರು. ಕಾಕಾ ಕೈ ಎತ್ತಿದ, ಬಿಲ್ಲೆ ಹಾರಿತು, ಪಾನಪಟ್ಟಿಯ ಸಂದಿಯಿಂದ "ಊಂಯ್! ಊಂಯ್!" ಎಂಬ ಸದ್ದು ಹೊರಟಿತು. ಬಿಲ್ಲೆ ಬಿತ್ತು. ಆಮೇಲೆ ಢಂ! ಅಂಗಿಯ ತುಂಬ ಕೆಂಪು ರಸ ಚೆಲ್ಲಿದ್ದು ಕಂಡು ಯಾರೋ ಗುಂಡು ತಿರುಗಿ ಬಡಿಯಿತೆಂದು ಬೊಬ್ಬೆ ಹೊಡೆದರು.

ಉಳಿದದ್ದು ಒಂದೇ ಬಿಲ್ಲೆ. ಈಗ ಯಾರೂ ನಗುತ್ತಿರಲಿಲ್ಲ. ಸ್ಟೇಷನ್ನಿನವರು ಜಮಾ ಆದ ಬಂದೂಕುಗಳನ್ನು ಕಂಬಳಿಯ ಮೇಲೆ ಸಾಲಾಗಿ ಇಟ್ಟಿದ್ದರು. ಕಾಕಾ ಒಮ್ಮೆ ಆ ಕಡೆ ನೋಡಿದ.

"ಕಾಕಾ, ಅದು ಗಿಳಿ ಅಲ್ಲ, ಮಣ್ಣು," ಎಂದೆ. "ಅದಕ್ಕ ಜೀವ ಇಲ್ಲ. ಸುಮ್ಮನ ಹೊಡಿ. ಅಜ್ಜನ ಬಂದೂಕ ಉಳೀಲಿ."

ಕಾಕಾ ಬಾಯಿ ಮುಕ್ಕಳಿಸಿ ಬಂದ. ನಿಂತ. ಕೈ ಎತ್ತಿದ. ಬಿಲ್ಲೆ ಹಾರಿತು. ಕಾಕಾ ಕೂಗಲಿಲ್ಲ. ಬಂದೂಕು ಅದರ ಹಿಂದೆಯೇ ಮೆಲ್ಲಗೆ ತಿರುಗಿತು. ಢಂ! ಬಿಲ್ಲೆ ನಡು ಆಕಾಶದಲ್ಲಿ ಪುಡಿಪುಡಿಯಾಯಿತು.

ಸೀಟಿಗಳೇನು, ಹಾರಿದ ರುಮಾಲುಗಳೇನು! "ಭೇಷ್! ಇಂಥ ಕಣ್ಣು ಇಟ್ಕೊಂಡು ಇಷ್ಟೊತ್ತು ಆಟ ಆಡಿಸಿದ್ರಲ್ರೀ!" ಎಂದು ಸಾಹೇಬರು ಅಲ್ಲೇ ಲೈಸೆನ್ಸಿಗೆ ಸಹಿ ಹಾಕಿದರು. ನಾನು ಕುಣಿಯುವುದೊಂದು ಬಾಕಿ. ಆದರೆ ಕಾಕಾ ಎಲ್ಲಿ? ಬಿಲ್ಲೆಯ ಚೂರು ಬಿದ್ದ ಕಡೆ ಹೋಗಿ ಕುಕ್ಕರಗಾಲಲ್ಲಿ ಕೂತಿದ್ದ. ಎದ್ದು ಬಂದವನೇ ಬಂದೂಕನ್ನು ಸಾಹೇಬರ ಮೇಜಿನ ಮೇಲೆ ಇಟ್ಟುಬಿಟ್ಟ.

"ಇಟ್ಕೋರಿ ಸಾಹೇಬ್ರ."

"ಯಾಕ್ರೀ? ನೀವು ಪಾಸಾದ್ರಲ್ಲ!"

"ಪಾಸಾದ್ನಲ್ರಿ. ಅದಕ್ಕ."

ಸಾಹೇಬರು ನನ್ನ ಮುಖ ನೋಡಿದರು. ನಾನು ಯಾರ ಮುಖ ನೋಡಲಿ? ತಿರುಗಿ ಬರುವ ಬಸ್ಸಿನಲ್ಲಿ ಕಾಕಾ ಖಾಲಿ ಸೀರೆಯನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡ. ನಾನೇ ಕೇಳಿದೆ: "ಇಷ್ಟೆಲ್ಲಾ ಮಾಡಿ ಉಳಿಸಿಕೊಂಡಿದ್ದನ್ನ ಯಾಕ ಕೊಟ್ಟಿ ಕಾಕಾ?"

"ನನಗ ಗುರಿ ಇಲ್ಲ ಅಂತ ತಿಳಕೊಂಡಿದ್ನಿ ನೋಡವಾ," ಎಂದ ಕಾಕಾ. "ಅದ ಧೈರ್ಯದ ಮ್ಯಾಲ ಇಷ್ಟ ವರ್ಷ ಹಾರಿಸಿದ್ನಿ. ಯಾವದಕ್ಕೂ ತಾಗೂದಿಲ್ಲ ಅಂತ ನಂಬಿಕಿ ಇತ್ತು. ಇವತ್ತ ತಾಗತೈತಿ ಅಂತ ಗೊತ್ತಾತು. ಕಣ್ಣ ಮುಂದ ಹಾರಾಕತ್ತಿತ್ತು, ಒಮ್ಮಿಂದೊಮ್ಮೆಲೆ ಇಲ್ಲ! ಇನ್ನ ಬಂದೂಕ ಹಿಡಿಯೂದು ಹ್ಯಾಂಗ?"

ಆ ಮೀಸೆಯ ಮನುಷ್ಯ ಬಲಗೈಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದ. ನನಗೆ ಅಳು ಬಂತು, ಪ್ರೀತಿಯೂ ಉಕ್ಕಿ ಬಂತು. ಆ ಕೈಯನ್ನು ನನ್ನ ತೊಡೆಯ ಮೇಲೆ ಎಳೆದುಕೊಂಡು ಮನಗೂಳಿ ಬರುವವರೆಗೂ ಬಿಡದೆ ಹಿಡಿದುಕೊಂಡೆ.