ಆಯುಧ ಪೂಜೆಗೆ ಕೂತ ರೈಫಲ್

ನಮ್ಮ ಮನೆಯಲ್ಲಿ ಇಂಥವು ಆಗುತ್ತಲೇ ಇದ್ದವು. ಏನೂ ಆಗದ ವಾರ ನಾನೇ ನಮ್ಮವರನ್ನು, "ಯಾಕೆ, ಮೈ ಹುಷಾರಿಲ್ವಾ?" ಎಂದು ಕೇಳುತ್ತಿದ್ದೆ.

ಎಪ್ಪತ್ತರ ದಶಕದ ಕೊನೆ. ಆಸ್ಟ್ರೇಲಿಯಾದ ಅಡಿಲೇಡ್‌ನ ಮಾಡ್ಬರಿ ಬಡಾವಣೆಯಲ್ಲಿ ನಾವಿಬ್ಬರೂ ಡಾಕ್ಟರುಗಳು. ನಾನು ಕ್ಲಿನಿಕ್ಕಿನಲ್ಲಿ, ಅವರು ಆಸ್ಪತ್ರೆಯಲ್ಲಿ ಅನಸ್ತೇಷಿಯಾ ಕೊಡುವವರು. ಜನರಿಗೆ ನಿದ್ದೆ ಬರಿಸುವ ಕೆಲಸ ಸಾಲದೆ ಅವರಿಗೆ ರೈಫಲ್ ಕ್ಲಬ್ಬಿನ ಹುಚ್ಚು ಹತ್ತಿತು. ಸಾವಿರ ಗಜ ದೂರದ ಗುರಿಗೆ ಗುಂಡು ಹೊಡೆಯುವುದು. ಅಂಗಡಿಯ ತೋಟಾ ನಂಬುವ ಹಾಗಿಲ್ಲವೆಂದು, ಖಾಲಿ ಹಿತ್ತಾಳೆ ತೋಟಾಗಳಿಗೆ ಸಿಡಿಮದ್ದಿನ ಪುಡಿ ತೂಗಿ ತುಂಬಿ, ಮೇಲೆ ಗುಂಡು ಕೂರಿಸಿ, ತಾವೇ ತಯಾರಿಸುತ್ತಿದ್ದರು. ಆಸೆ ಒಂದೇ: ಕ್ಲಬ್ಬಿನ ವಾರ್ಷಿಕ ಪಂದ್ಯದ ಕಪ್ಪು. ಅದನ್ನು ಪ್ರತಿವರ್ಷ ಕ್ಲಬ್ಬಿನ ಕ್ಯಾಪ್ಟನ್, ಒಬ್ಬ ಬಿಳಿಯ ನಿವೃತ್ತ ಹೆಡ್‌ಮಾಸ್ಟರ್, ಮನೆಗೆ ಒಯ್ಯುತ್ತಿದ್ದರು.

ಫ್ಯಾನು

ಸಾರಿಗೆ ಉಪ್ಪು ಹಾಕಿ ಎಂದರೆ ಮುಷ್ಟಿಯಲ್ಲಿ ಸುರಿಯುವ ಈ ಮನುಷ್ಯ, ಮದ್ದಿನ ಪುಡಿಯನ್ನು ಮಾತ್ರ ಒಂದೊಂದೇ ಕಾಳು ಎಣಿಸಿ ಹಾಕುತ್ತಿದ್ದರು. ಅಡಿಲೇಡಿನ ಜನವರಿ ಬಿಸಿಲು. ಗ್ಯಾರೇಜು ಕುದಿಯುತ್ತಿದೆಯೆಂದು ತಕ್ಕಡಿ ಊಟದ ಮೇಜಿಗೆ ಬಂತು. ಗಾಳಿಗೆ ತಟ್ಟೆ ಅಲ್ಲಾಡುತ್ತದೆಂದು ಫ್ಯಾನು ಬಂದ್. ಕಿಟಕಿಗಳೂ ಬಂದ್. ಬೆವರು ಸುರಿಸುತ್ತ ಕೂತಿದ್ದ ಮಗಳು ಕೇಳಿದಳು, "ಡ್ಯಾಡ್, ಆಮ್ ಐ ಅಲೌಡ್ ಟು ಬ್ರೀದ್?"

ಅವರು ತಕ್ಕಡಿಯಿಂದ ಕಣ್ಣು ತೆಗೆಯದೆ ಯೋಚಿಸಿ ಹೇಳಿದರು, "ಆ ಕಡೆ ತಿರುಗ್ಕೊಂಡು."

ಹುಣಸೆಹಣ್ಣು

ನಮ್ಮತ್ತೆ ಮೈಸೂರಿನಿಂದ ಬಂದು ನಮ್ಮ ಜೊತೆಗೇ ಇದ್ದರು. ಹಿತ್ತಾಳೆ ಅಂದರೆ ಅವರಿಗೆ ಪ್ರಾಣ. ನಮ್ಮವರು ತಿಂಗಳುಗಟ್ಟಲೆ ಕೂತು, ಖಾಲಿ ತೋಟಾಗಳನ್ನು ತೂಕದ ಪ್ರಕಾರ, ಎಷ್ಟು ಸಲ ಹಾರಿಸಿದ್ದು ಎಂಬ ಪ್ರಕಾರ, ಬೇರೆ ಬೇರೆ ಡಬ್ಬಗಳಲ್ಲಿ ಹಾಕಿ ಚೀಟಿ ಅಂಟಿಸಿದ್ದರು. ಒಂದು ದಿನ ನಾವು ಕೆಲಸದಿಂದ ಬಂದಾಗ ಅಷ್ಟೂ ತೋಟಾ ಒಂದೇ ಸ್ಟೀಲ್ ಬೇಸಿನ್ನಿನಲ್ಲಿ ದೀಪದ ಕಂಬದ ಹಾಗೆ ಹೊಳೆಯುತ್ತಿದ್ದವು.

"ಎಷ್ಟು ಕಿಲುಬು ಹಿಡಿದಿತ್ತೋ ಮಗು. ಹುಣಸೆಹಣ್ಣು ಹಾಕಿ ತಿಕ್ಕಿದೀನಿ. ಈ ಮನೇಲಿ ಯಾರಿಗೂ ಹಿತ್ತಾಳೆ ತೊಳೆಯೋಕೆ ಬರಲ್ಲ." ಕೊನೆಯ ಮಾತು ನನಗೆ.

"ಅಮ್ಮಾ, ಒಂದೊಂದು ಡಬ್ಬದ್ದೂ ಬೇರೆ ಬೇರೆ," ಎಂದರು ನಮ್ಮವರು, ರೋಗಿಯ ಕಡೆಯವರಿಗೆ ಕೆಟ್ಟ ಸುದ್ದಿ ಹೇಳುವ ದನಿಯಲ್ಲಿ.

"ನಂಗೊತ್ತಿಲ್ವಾ? ಡಬ್ಬಗಳನ್ನೂ ತೊಳೆದಿಟ್ಟಿದೀನಿ. ಏನೇನೋ ಚೀಟಿ ಅಂಟಿತ್ತು, ಬಿಡಲೇ ಇಲ್ಲ, ಬಿಸಿನೀರಲ್ಲಿ ನೆನೆಹಾಕಬೇಕಾಯ್ತು."

ಪರ್ತ್, ಆಮೇಲೆ ಬ್ರಿಸ್ಬೇನ್

ಮತ್ತೆ ತೂಗಿ, ಮತ್ತೆ ತುಂಬಿ, ಪರ್ತ್‌ನ ದೊಡ್ಡ ಪಂದ್ಯಕ್ಕೆ ಕಾರಿನಲ್ಲೇ ಹೊರಟೆವು. ನಲ್ಲರ್ಬಾರ್ ಬಯಲಿನಲ್ಲಿ ಮರವೂ ಇಲ್ಲ, ಮಾತೂ ಇಲ್ಲ. ಅಲ್ಲೊಂದು ಇಲ್ಲೊಂದು ಸರ್ವೋ, ಅಂದರೆ ಅಲ್ಲಿನವರ ಪೆಟ್ರೋಲ್ ಬಂಕು, ಸಿಕ್ಕರೆ ಪೆಟ್ರೋಲ್ ಹಾಕಿಸಿಕೊಂಡು ಮುಂದೆ. ಪರ್ತ್ ಮುಟ್ಟಿದರೆ, ಪಂದ್ಯದ ಮೈದಾನದ ಬಾಗಿಲಲ್ಲಿದ್ದವನು ಹೇಳಿದ, "ಇಲ್ಲಿ ಎಲ್ಲರಿಗೂ ತೋಟಾ ನಾವೇ ಕೊಡ್ತೀವಿ. ಸ್ವಂತದ್ದು ತರೋ ಹಾಗಿಲ್ಲ." ಬುತ್ತಿ ಕಟ್ಟಿಕೊಂಡು ಮದುವೆಮನೆಗೆ ಹೋದ ಹಾಗಾಯಿತು.

ಮರುವರ್ಷ ಬ್ರಿಸ್ಬೇನ್. "ಈ ಸಲ ಮೊದಲೇ ಫೋನ್ ಮಾಡಿ ಕೇಳಿದ್ರಾ?" ಎಂದೆ.

"ಇದು ಬೇರೆ ರಾಜ್ಯ ಕಣೆ," ಎಂದರು.

ಬ್ರಿಸ್ಬೇನ್ ಚೆನ್ನಾಗಿತ್ತು. ತೋಟಾಗಳೂ ಡಬ್ಬದಲ್ಲೇ ಕೂತು ಊರು ನೋಡಿಕೊಂಡು ಬಂದವು.

ಪೂಜೆ

ಹೀಗೆ ಉಳಿದದ್ದು ನಮ್ಮ ಕ್ಲಬ್ಬಿನ ಕಪ್ಪೊಂದೇ. ಅಲ್ಲಿ ಸ್ವಂತ ತೋಟಾಕ್ಕೆ ಅಡ್ಡಿಯಿರಲಿಲ್ಲ. ಹಿಂದಿನ ಸಲ ಒಂದೇ ಪಾಯಿಂಟಿನಲ್ಲಿ ಸೋತಿದ್ದರು. ಈ ಸಲ ಗೆದ್ದೇ ತೀರಬೇಕೆಂದು ವರ್ಷವಿಡೀ ನಿದ್ದೆಗೆಟ್ಟಿದ್ದರು. ಪಂದ್ಯದ ಬೆಳಿಗ್ಗೆ ಗ್ಯಾರೇಜಿಗೆ ಹೋದರೆ ಏನೂ ಇಲ್ಲ. ಅಂದು ಆಯುಧ ಪೂಜೆ. ರೈಫಲ್, ತಕ್ಕಡಿ, ತೋಟಾ ಕೂರಿಸುವ ಯಂತ್ರ, ತೋಟಾದ ಡಬ್ಬ, ನನ್ನ ಸ್ಟೆತೋಸ್ಕೋಪು, ಎಲ್ಲ ದೇವರ ಮುಂದೆ ಕುಂಕುಮ ಹಚ್ಚಿಸಿಕೊಂಡು ಸೇವಂತಿಗೆ ಮುಡಿದು ಕೂತಿದ್ದವು.

"ಅಮ್ಮಾ, ನಂಗೆ ಇವತ್ತೇ ಬೇಕು."

"ಪೂಜೆಗಿಟ್ಟ ಆಯುಧ ಇವತ್ತು ಮುಟ್ಟಬಾರದು. ನಾಳೆ ತಗೋ."

"ಪಂದ್ಯ ಇವತ್ತು."

"ನಾಳೆ ಇಟ್ಕೊಳ್ಳೋಕೆ ಹೇಳು."

ನಮ್ಮವರು ನನ್ನ ಮುಖ ನೋಡಿದರು. ನಾನು ನನ್ನ ಸ್ಟೆತೋಸ್ಕೋಪು ನೋಡಿದೆ. ಬರಿಗೈಯಲ್ಲಿ ಹೊರಟ ಅವರನ್ನು ಕಂಡು ನನಗೆ ನಿಜವಾಗಿ ಅಯ್ಯೋ ಅನಿಸಿತು.

ಸಂಜೆ ಕಪ್ಪು ಹಿಡಿದುಕೊಂಡು ಬಂದರು, ಸೋತವರ ಮುಖದಲ್ಲಿ. ಕ್ಯಾಪ್ಟನ್ ಕರುಣೆಯಿಂದ ಕ್ಲಬ್ಬಿನ ಒಂದು ಹಳೇ ರೈಫಲ್ಲನ್ನೂ ಅಂಗಡಿಯ ತೋಟಾ ಪೊಟ್ಟಣವನ್ನೂ ಕೊಟ್ಟಿದ್ದರಂತೆ. "ಅಂಗಡಿ ತೋಟಾ ಕಣೆ," ಎಂದರು. ರಾತ್ರಿ ಊಟದಲ್ಲೂ ಅದನ್ನೇ ಹೇಳಿದರು.

"ಎಲ್ಲಾ ಪೂಜೆಯ ಫಲ," ಎಂದರು ಅತ್ತೆ.

ಮರುವರ್ಷ ಕ್ಯಾಪ್ಟನ್ ನನಗೆ ಫೋನ್ ಮಾಡಿ, ನಿಮ್ಮ ಹಬ್ಬ ಯಾವತ್ತು ಎಂದು ಕೇಳಿ, ಪಂದ್ಯವನ್ನು ಅದೇ ದಿನಕ್ಕೆ ಇಟ್ಟರು. ಅಂದು ಬೆಳಿಗ್ಗೆ ತಮ್ಮ ರೈಫಲ್ ತಂದು, ಬೂಟು ಕಳಚಿ, ದೇವರ ಮುಂದೆ ಇಟ್ಟು ಹೋದರು. ನಮ್ಮವರು ಒಳಗೊಳಗೇ ಕುಣಿದರು. ನಮ್ಮವರ ರೈಫಲ್ ಅತ್ತೆಯ ಕೈಗೆ ಸಿಗದ ಹಾಗೆ ಹಿಂದಿನ ದಿನವೇ ಕಾರಿನ ಡಿಕ್ಕಿ ಸೇರಿತ್ತು, ಸ್ವಂತ ತೋಟಾಗಳ ಸಮೇತ. ಎದುರಾಳಿಯ ಆಯುಧ ನಮ್ಮ ಮನೆಯಲ್ಲಿ ಬಂದಿ. ಇನ್ನೇನು ಬೇಕು?

ಬಂದದ್ದು ಎರಡನೇ ಸ್ಥಾನ. ಕ್ಯಾಪ್ಟನ್ ಅದೇ ಹಳೇ ರೈಫಲ್ ಎತ್ತಿಕೊಂಡು, ಅಂಗಡಿಯ ತೋಟಾ ಹಾರಿಸಿ, ಕಪ್ಪು ಗೆದ್ದಿದ್ದರು.

"ಡಾಕ್, ನೀವು ಹೋದ ವರ್ಷ ಮಾಡಿದ್ದನ್ನೇ ಮಾಡಿದೆ," ಎಂದರಂತೆ. "ನನ್ನ ರೈಫಲ್ಲನ್ನು ನಿಮ್ಮ ತಾಯಿಯ ಹತ್ತಿರ ಬಿಟ್ಟೆ."

ಮಾರನೆಯ ದಿನ ಕ್ಯಾಪ್ಟನ್ ರೈಫಲ್ ಒಯ್ಯಲು ಬಂದಾಗ ಅತ್ತೆ ಅದರ ಜೊತೆಗೆ ಒಂದು ಬಟ್ಟಲು ಕೋಸಂಬರಿಯನ್ನೂ ಕೊಟ್ಟರು. ಆಮೇಲೆ ಮಗನ ಕಡೆ ತಿರುಗಿ, "ನೋಡು, ಹೆಡ್‌ಮಾಸ್ಟರು. ಭಾಷೆ ಬರದಿದ್ರೂ ಹೇಳಿದ ಮಾತು ಕೇಳ್ತಾರೆ," ಎಂದರು.