ಗಾಜಿನ ಪೆಟ್ಟಿಗೆಯಲ್ಲಿ ನನ್ನ ಹೆಸರು

ಇದನ್ನು ಹೇಳಬೇಕೆಂದುಕೊಂಡು ನಾಲ್ಕು ವರ್ಷ ಮುಂದೂಡಿದ್ದೇನೆ. ಮೊದಲು ಕನ್ನಡಕ ಬದಲಿಸಬೇಕಿತ್ತು, ಆಮೇಲೆ ಒಳ್ಳೆಯ ಪೆನ್ನು ಬೇಕಿತ್ತು. ಈಗ ಎರಡೂ ಇವೆ, ನೆಪವೇ ಇಲ್ಲ. ಸಂಗತಿ ಇಷ್ಟೆ: ಜರ್ಮನಿಯ ಒಂದು ಮ್ಯೂಸಿಯಂನಲ್ಲಿ ನನ್ನ ಹೆಸರಿತ್ತು. ಗದಗಿನ ಶಾಲೆಯೊಂದರಲ್ಲಿ ಗುಮಾಸ್ತನಾಗಿದ್ದ, ಮೆಟ್ರಿಕ್ ದಾಟದ ಮನುಷ್ಯನಿಗೆ ಇದೇನು ಸಣ್ಣ ಮಾತಲ್ಲ.

ಮಗಳು ಶೈಲಾ, ಜರ್ಮನಿಯವರು ಆಗ ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ಹೋಗಿ, ಅಲ್ಲಿಯ ರೆನ್ನಿಂಗೆನ್ ಹತ್ತಿರದ ಸಣ್ಣ ಊರಿನಲ್ಲಿ ಮನೆ ಮಾಡಿದ್ದಳು. ನಾವು ಗಂಡ ಹೆಂಡತಿ ಮೂರು ತಿಂಗಳಿಗೆಂದು ಹೋಗಿದ್ದೆವು. ಅವಳು ಆಫೀಸಿಗೆ ಹೋದ ಮೇಲೆ ಖಾಲಿ ಬಾಟಲಿಗಳನ್ನು ಬಣ್ಣ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕಿಬರುವುದೇ ನನ್ನ ಉದ್ಯೋಗ. ಅದು ಮುಗಿದರೆ, ಹಳೆಯ ಧಾನ್ಯದ ಉಗ್ರಾಣದಲ್ಲಿದ್ದ ಊರ ಮ್ಯೂಸಿಯಂ. ಅದನ್ನು ನೋಡಿಕೊಳ್ಳುತ್ತಿದ್ದವರು ವಾಲ್ಟರ್ ಎಂಬ ನಿವೃತ್ತ ಪೋಸ್ಟ್‌ಮನ್. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ದರ್ಜೆಯವು, ಹಾಗಾಗಿ ಬಹಳ ಚೆನ್ನಾಗಿ ಅರ್ಥವಾಗುತ್ತಿತ್ತು.

ಆ ಊರಿಗೆ ಇಂಗ್ಲೆಂಡಿನ ಒಂದು ಸಣ್ಣ ಸಂತೆಯೂರಿನ ಜೊತೆ ಗೆಳೆತನದ ಒಪ್ಪಂದವಿತ್ತು. ಅಲ್ಲಿಯವರು ತಮ್ಮ ಸಂತೆಯ ಹಳೆಯ ಗಂಟೆ, ತಕ್ಕಡಿಗಳನ್ನು ಕಾಣಿಕೆಯಾಗಿ ಕಳಿಸಿದ್ದರು. ಜೊತೆಗೊಂದು ಗೇಣುದ್ದದ ಕಬ್ಬಿಣದ ಕೊಳವೆ; ಮೂತಿ ಚೂಪು, ಒಂದು ಬದಿಗೆ ಸೀಳು. ಅದೇನೆಂದು ಕಳಿಸಿದವರಿಗೂ ಗೊತ್ತಿಲ್ಲ. ಭಾನುವಾರ ಅವರೇ ಬರುವವರಿದ್ದರು. ಕೈಕೈ ಹಿಸುಕಿಕೊಂಡ ವಾಲ್ಟರ್ ‘ಬಹುಶಃ ಕೊಳಲು’ ಎಂದು ಚೀಟಿ ಬರೆದಿಟ್ಟಿದ್ದರು. ನಾನು ಗಂಭೀರವಾಗಿ ತಲೆಯಾಡಿಸಿ, ಕೊಳಲಿನ ಬಗ್ಗೆ ಹತ್ತು ನಿಮಿಷ ಉಪನ್ಯಾಸ ಕೊಟ್ಟೆ.

ಬೆಂಚಿನ ಮೇಲೆ ಕೂತಿದ್ದ ಹೆಂಡತಿ ಎದ್ದು ಬಂದು ಬಗ್ಗಿ ನೋಡಿದಳು. “ಎಲ್ಲಿ ಕೊಳಲ ತಂದ್ರಿ? ಚೀಲಕ್ಕ ಚುಚ್ಚಿ ಜೋಳ ತಗದು ನೋಡೂದಲ್ಲೇನು ಅದು? ಮ್ಯಾಲ ಛಲೋ ಕಾಳ ಹಾಕಿ ತಳಕ್ಕ ನುಸಿ ಹಿಡದದ್ದು ತುಂಬಿರ್ತಾರ. ಇದನ್ನ ಚುಚ್ಚಿದ್ರ ಬಣ್ಣ ಬಯಲು.” ಆಕೆಯ ಅಪ್ಪ ಗದಗಿನ ಮಾರ್ಕೆಟ್ ಯಾರ್ಡಿನಲ್ಲಿ ಕಾಳಿನ ಚೀಲ ಹೊರುವ ಹಮಾಲರಾಗಿದ್ದರು. ಅವರಿಗೆ ಬುತ್ತಿ ಒಯ್ಯುತ್ತ ಆಕೆ ಆ ಚೀಲಗಳ ನಡುವೆಯೇ ಬೆಳೆದವಳು.

ನಾನು ವಾಲ್ಟರಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಮನೆಗೆ ಓಡಿ, ಹಕ್ಕಿಗಳಿಗೆ ಹಾಕುವ ಕಾಳಿನ ಚೀಲ ತಂದರು. ಚುಚ್ಚಿದರೆ ಸೀಳಿನಿಂದ ಕಾಳು ಸರಸರನೆ ಇಳಿಯಿತು. ನನ್ನನ್ನು ತಬ್ಬಿಕೊಂಡು, ಹೊಸ ಚೀಟಿಯಲ್ಲಿ ಹಾಕಲು ಗುರುತಿಸಿದವರ ಹೆಸರು ಕೇಳಿದರು.

ನಮ್ಮಲ್ಲಿ ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಮೂವತ್ತೈದು ವರ್ಷ “ಏ, ಇಲ್ನೋಡು” ಎಂದೇ ಸಂಸಾರ ಮಾಡಿದವನು ನಾನು. ಆಕೆಯ ಹೆಸರು ನಾಲಿಗೆಯವರೆಗೆ ಬಂತು, ನಾಚಿಕೊಂಡಿತು, ವಾಪಸು ಹೋಯಿತು. ಆ ಜಾಗಕ್ಕೆ ನನ್ನ ಹೆಸರು ಬಂತು, ಇನಿಷಿಯಲ್ ಸಮೇತ.

ಭಾನುವಾರ ಇಂಗ್ಲೆಂಡಿನ ಮೇಯರ್ ನನ್ನ ಕೈ ಕುಲುಕಿದರು. ಚಪ್ಪಾಳೆ, ಫೋಟೋ, ಕೇಕು. ಭಾಷಣವನ್ನೂ ಮಾಡಿದೆ. ಸುಳ್ಳೇಕೆ, ಅಂಥ ಸುಖ ನಾನು ಮತ್ತೆ ಕಂಡಿಲ್ಲ. ಶೈಲಾ ಮಾತ್ರ ಚೀಟಿ ಓದಿ, “ಅಪ್ಪಾ, ಮನಿಗೆ ಜೋಳ ಆರಿಸಿ ತರಾಕಿ ಅವ್ವ. ನಿಮಗ ಇದು ಹೆಂಗ ಗೊತ್ತಾತು?” ಅಂದಳು.

“ಇರ್ಲಿ ಬಿಡವಾ,” ಅಂದಳು ಅವರವ್ವ. “ನನ್ನ ಹೆಸರ ಅವರಿಗೆಲ್ಲಿ ನೆನಪೈತಿ? ತಮ್ಮದರ ನೆನಪಾತಲ್ಲ, ಸಾಕು.” ನಕ್ಕು ತನ್ನ ಪಾಲಿನ ಕೇಕನ್ನೂ ನನಗೇ ಕೊಟ್ಟಳು. ನಾನು ಅದನ್ನೂ ತಿಂದೆ.

ಹೋದ ತಿಂಗಳು ಧೈರ್ಯ ಮಾಡಿ, ಗುರುತಿಸಿದವಳು ನನ್ನ ಹೆಂಡತಿಯೆಂದು ವಾಲ್ಟರಿಗೆ ಕಾಗದ ಬರೆದೆ. ಮೊನ್ನೆ ಫೋಟೋ ಬಂತು: ಗಾಜಿನ ಪೆಟ್ಟಿಗೆಯಲ್ಲಿ ಹೊಸ ಚೀಟಿ, ಆಕೆಯ ಹೆಸರು, ನನ್ನದಕ್ಕಿಂತ ದಪ್ಪ ಅಕ್ಷರದಲ್ಲಿ. ಇನ್ನು ತಪ್ಪಾಯಿತೆಂದು ಹೇಳುವುದೊಂದು ಉಳಿದಿದೆ. ಆಕೆ ಅಡುಗೆಮನೆಯಲ್ಲೇ ಇದ್ದಾಳೆ, ನನ್ನಿಂದ ಹತ್ತು ಹೆಜ್ಜೆ. ಆದರೆ ಹೇಳುವ ಮೊದಲು ಕರೆಯಬೇಕಲ್ಲ. ಸದ್ಯಕ್ಕೆ ಬರೆದು ಅಭ್ಯಾಸ ಮಾಡುತ್ತಿದ್ದೇನೆ: ಗಂಗವ್ವ.